ಬೆವರಿನ ನರ ಯಾರ ಕಡೆ?

ಅಭ್ಯಾಸವಿಲ್ಲದವರು ಮದುವೆ ಊಟದ ಮೇಲೆ ಎಲೆಯಡಿಕೆ ಹಾಕಿಕೊಂಡರೆ ಕೆಲವೊಮ್ಮೆ ಅಡಿಕೆ ಸೊಕ್ಕುತ್ತದೆ. ಬಾಯಲ್ಲಿ ನೀರು ತುಂಬಿಕೊಳ್ಳುತ್ತದೆ, ಹಣೆಯಲ್ಲಿ ಬೆವರೊಡೆಯುತ್ತದೆ, ಮುಖ ಬಿಸಿಯಾಗಿ ತಲೆ ಗಿರ್ರೆನ್ನುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುವುದರಿಂದ ಸುತ್ತ ಕೂತವರು ನಕ್ಕು ಸುಮ್ಮನಾಗುತ್ತಾರೆ. ನಮ್ಮ ಇಚ್ಛೆಗೆ ಕಾಯದೆ ಒಳಾಂಗಗಳನ್ನು ನಡೆಸುವ ಸ್ವಾಯತ್ತ ನರವ್ಯೂಹದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದು ಕಷ್ಟ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವು ನಮ್ಮ ನರತುದಿಗಳು ಸ್ರವಿಸುವ ಅಸಿಟೈಲ್‌ಕೋಲಿನ್‌ನ ಜಾಗದಲ್ಲಿ ಹೋಗಿ ಕೂರುತ್ತದೆ. ನರ ಏನೂ ಹೇಳದಿದ್ದರೂ ಗ್ರಂಥಿಗಳಿಗೆ ಆಜ್ಞೆ ಬಂದಂತಾಗುತ್ತದೆ.

ಇಲ್ಲೊಂದು ತೊಡಕಿದೆ. ಕಾಲೇಜು ಪುಸ್ತಕಗಳಲ್ಲಿ ಈ ನರವ್ಯೂಹವನ್ನು ಎರಡು ಕಾಲಂ ಎಳೆದು ಬರೆದಿರುತ್ತಾರೆ. ಒಂದರ ಮೇಲೆ ಸಿಂಪಥೆಟಿಕ್, ಇನ್ನೊಂದರ ಮೇಲೆ ಪ್ಯಾರಾಸಿಂಪಥೆಟಿಕ್. ಎದೆಬಡಿತ ಏರಿಸುವುದು, ಕಣ್ಣುಪಾಪೆ ಹಿಗ್ಗಿಸುವುದು, ಬೆವರಿಸುವುದು ಮೊದಲನೆಯದರ ಕೆಲಸ. ಎದೆಬಡಿತ ತಗ್ಗಿಸುವುದು, ಜೊಲ್ಲು ಸುರಿಸುವುದು, ಕರುಳು ಆಡಿಸುವುದು ಎರಡನೆಯದರ ಕೆಲಸ. ಒಂದು ಏರಿದರೆ ಮತ್ತೊಂದು ಇಳಿಯಬೇಕು ಎಂಬ ಅರ್ಥ ಬರುವಂತೆ ಆ ಪಟ್ಟಿ ಇರುತ್ತದೆ. ಹಾಗಿದ್ದರೆ ಒಂದೇ ಹೋಳು ಅಡಿಕೆ ಜೊಲ್ಲನ್ನೂ ಬೆವರನ್ನೂ ಒಟ್ಟಿಗೆ ತರಿಸಿದ್ದು ಹೇಗೆ? ಆ ಪಟ್ಟಿಯಿಂದ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಆದರೆ ತೋಟದಲ್ಲಿ ಔಷಧಿ ಹೊಡೆದು ಕುಸಿದು ಬಿದ್ದವರ ಮುಂದೆ ನಿಂತಾಗ ಅದು ಕೈ ಕೊಡುತ್ತದೆ. ಆಗ ಬೇಕಾಗುವುದು ಬೇರೆ ಎರಡು ಮಾಹಿತಿ. ನರ ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬರುತ್ತದೆ? ಕೊನೆಯಲ್ಲಿ ಅದು ಸ್ರವಿಸುವುದು ಏನನ್ನು?

ದಾರಿಯಿಂದ ಶುರುಮಾಡೋಣ. ಕೈ ಎತ್ತಬೇಕೆಂದರೆ ಬೆನ್ನುಹುರಿಯಿಂದ ಹೊರಟ ಒಂದೇ ನರಕೋಶ ಸ್ನಾಯುವಿನವರೆಗೂ ಹೋಗಿ ಮುಟ್ಟುತ್ತದೆ. ಒಳಾಂಗಗಳಿಗೆ ಹಾಗೆ ನೇರ ಸಂಪರ್ಕ ಇಲ್ಲ. ಮಿದುಳುಕಾಂಡ ಅಥವಾ ಬೆನ್ನುಹುರಿಯಿಂದ ಹೊರಟ ಮೊದಲ ನರಕೋಶ ದಾರಿಯಲ್ಲಿ ಒಂದು ನರಗಂಟಿನಲ್ಲಿ ನಿಲ್ಲುತ್ತದೆ. ಅಲ್ಲಿ ಎರಡನೇ ನರಕೋಶ ಸಂದೇಶವನ್ನು ಪಡೆದು ಅಂಗದವರೆಗೆ ಒಯ್ಯುತ್ತದೆ. ಸಿಂಪಥೆಟಿಕ್ ನರಗಳು ಹೊರಡುವುದು ಬೆನ್ನುಹುರಿಯ ನಡುಭಾಗದಿಂದ, ಅಂದರೆ ಎದೆಯ ಮೊದಲ ಖಂಡದಿಂದ ಸೊಂಟದ ಎರಡನೇ ಖಂಡದವರೆಗೆ. ಅವುಗಳ ಗಂಟುಗಳು ಬೆನ್ನೆಲುಬಿನ ಎರಡೂ ಬದಿಗೆ ಸರದಂತೆ ಇಳಿದಿರುತ್ತವೆ; ಹೊಟ್ಟೆಗೆ ಹೋಗುವ ಕೆಲವು ಮಾತ್ರ ಮಹಾಪಧಮನಿಯ ಮುಂದಿರುವ ದೊಡ್ಡ ಗಂಟುಗಳವರೆಗೆ ಸಾಗುತ್ತವೆ. ಮೊದಲ ನರಕೋಶ ಒಂದಾದರೆ ಅದರಿಂದ ಸಂದೇಶ ಪಡೆಯುವವು ಹತ್ತಾರು. ಪ್ಯಾರಾಸಿಂಪಥೆಟಿಕ್ ನರಗಳು ಹೊರಡುವುದು ಎರಡು ತುದಿಗಳಿಂದ: ಮೇಲೆ 3, 7, 9, 10ನೇ ಕಪಾಲ ನರಗಳ ಮೂಲಕ, ಕೆಳಗೆ ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯ 2ರಿಂದ 4ನೇ ಖಂಡಗಳ ಮೂಲಕ. ಇವುಗಳ ಗಂಟುಗಳು ಅಂಗದ ಪಕ್ಕದಲ್ಲಿ ಅಥವಾ ಅಂಗದ ಗೋಡೆಯೊಳಗೇ ಇರುತ್ತವೆ. ಹೀಗಾಗಿ ಸಿಂಪಥೆಟಿಕ್ ಸಂದೇಶ ಒಮ್ಮೆಗೇ ಹಲವು ಕಡೆ ಹರಡಬಲ್ಲದು, ಪ್ಯಾರಾಸಿಂಪಥೆಟಿಕ್ ಸಂದೇಶ ಒಂದೊಂದೇ ಅಂಗಕ್ಕೆ ಗುರಿಯಿಟ್ಟು ಹೋಗುತ್ತದೆ.

10ನೆಯ ನರವಾದ ವೇಗಸ್ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಅದನ್ನು ಚುರುಕುಗೊಳಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎನ್ನುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಅದರ ಎಳೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮೇಲಕ್ಕೆ ಸುದ್ದಿ ಒಯ್ಯುವಂಥವು ಎಂಬುದನ್ನು ಅವು ಹೇಳುವುದಿಲ್ಲ. ಹೊಟ್ಟೆ ತುಂಬಿದೆಯೇ, ಶ್ವಾಸಕೋಶ ಹಿಗ್ಗಿದೆಯೇ, ಮಹಾಪಧಮನಿಯ ಕಮಾನಿನಲ್ಲಿ ಒತ್ತಡ ಎಷ್ಟಿದೆ ಎಂದು ಮಿದುಳುಕಾಂಡಕ್ಕೆ ವರದಿ ಕೊಡುವುದೇ ಅದರ ದೊಡ್ಡ ಉದ್ಯೋಗ. ಆಜ್ಞೆ ಇಳಿಸುವ ಎಳೆಗಳು ಕಡಿಮೆ.

ದಾರಿ ತಿಳಿದಿದ್ದರೆ ಏನು ಲಾಭ ಎನ್ನುವವರು ಕಣ್ಣುಪಾಪೆ ಹಿಗ್ಗಿಸುವ ನರದ ಪಯಣವನ್ನು ನೋಡಬೇಕು. ಮಿದುಳಿನ ತಳದ ಹೈಪೊಥಲಾಮಸ್‌ನಿಂದ ಬೆನ್ನುಹುರಿಯಲ್ಲಿ ಎದೆಯ ಮೊದಲ ಖಂಡದವರೆಗೆ ಕೆಳಗಿಳಿದು, ಅಲ್ಲಿಂದ ಹೊರಬಂದು, ಶ್ವಾಸಕೋಶದ ತುದಿಯ ಮೇಲೆ ಹಾದು, ಕುತ್ತಿಗೆಯ ಮೇಲ್ಭಾಗದ ಗಂಟಿಗೆ ಹತ್ತಿ, ಅಲ್ಲಿ ನರಕೋಶ ಬದಲಿಸಿ, ಮಿದುಳಿಗೆ ಹೋಗುವ ಕ್ಯಾರೊಟಿಡ್ ಧಮನಿಯನ್ನು ತಬ್ಬಿಕೊಂಡು ಕಣ್ಣಿಗೆ ಬರುತ್ತದೆ. ಎರಡು ಅಂಗುಲದ ದೂರಕ್ಕೆ ಇಷ್ಟು ಸುತ್ತು! ಆದ್ದರಿಂದಲೇ ಬೀಡಿ ಸೇದುವ ವ್ಯಕ್ತಿಯೊಬ್ಬರಿಗೆ ಒಂದು ಕಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದು, ಅದೇ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿ, ಆ ಕಡೆಯ ಮುಖ ಬೆವರುವುದು ನಿಂತಿದ್ದರೆ ವೈದ್ಯರು ಕನ್ನಡಕ ಬರೆದುಕೊಡುವ ಮೊದಲು ಎದೆಯ ಚಿತ್ರ ತೆಗೆಸುತ್ತಾರೆ. ಶ್ವಾಸಕೋಶದ ತುದಿಯಲ್ಲಿ ಬೆಳೆದ ಗಡ್ಡೆ ಆ ನರವನ್ನು ಒತ್ತಿರಬಹುದು. ಕುತ್ತಿಗೆ ನೋವಿನ ಜೊತೆ ಹಠಾತ್ತಾಗಿ ಹೀಗಾದರೆ ಕ್ಯಾರೊಟಿಡ್ ಧಮನಿಯ ಗೋಡೆ ಸೀಳಿರುವ ಸಂಶಯ, ಅದು ಅದೇ ದಿನದ ತುರ್ತು. ರೆಪ್ಪೆ, ಪಾಪೆ, ಬೆವರು ಮೂರರಲ್ಲೂ ಒಟ್ಟಿಗೆ ಕಾಣುವ ಈ ಬದಲಾವಣೆಗೆ ಹಾರ್ನರ್ ಸಿಂಡ್ರೋಮ್ ಎನ್ನುತ್ತಾರೆ.

ಈ ದಾರಿಗಳನ್ನು ಗುರುತಿಸಿದವರಲ್ಲಿ ಮುಖ್ಯರು ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ. 1889ರಲ್ಲಿ ಅವರೂ ಡಿಕಿನ್ಸನ್ ಅವರೂ ಪ್ರಾಣಿಗಳ ನರಗಂಟುಗಳಿಗೆ ನಿಕೋಟಿನ್ ದ್ರಾವಣ ಸವರಿ ನೋಡಿದರು. ನಿಕೋಟಿನ್ ಹೆಚ್ಚಾದರೆ ಗಂಟಿನಲ್ಲಿ ಸಂದೇಶದ ದಾಟುವಿಕೆ ನಿಲ್ಲುತ್ತದೆ. ಸವರಿದ ಮೇಲೆ ಕೆಲಸ ನಿಂತರೆ ಆ ನರ ಅಲ್ಲಿ ಕೋಶ ಬದಲಿಸುತ್ತದೆ ಎಂದರ್ಥ; ನಿಲ್ಲದಿದ್ದರೆ ಆ ಗಂಟನ್ನು ಸುಮ್ಮನೆ ಹಾದುಹೋಗುತ್ತದೆ. ಹೊಗೆಸೊಪ್ಪಿನ ವಿಷ ಹಿಡಿದು ಇಡೀ ವ್ಯೂಹದ ನಕ್ಷೆ ಬರೆದರು ಎನ್ನಬಹುದು. ‘ಅಟಾನಮಿಕ್’ ಎಂಬ ಹೆಸರು ಅವರು 1898ರಲ್ಲಿ ಇಟ್ಟದ್ದು, ‘ಪ್ಯಾರಾಸಿಂಪಥೆಟಿಕ್’ 1905ರದ್ದು.

ಇನ್ನು ರಾಸಾಯನಿಕ. ಗಂಟು ಯಾವ ಪಂಗಡದ್ದೇ ಆಗಿರಲಿ, ಅಲ್ಲಿ ಸ್ರವಿಸುವುದು ಅಸಿಟೈಲ್‌ಕೋಲಿನ್. ಅದನ್ನು ಹಿಡಿಯಲು ಎದುರಿನ ಕೋಶದ ಮೇಲಿರುವ ಗ್ರಾಹಕ ನಿಕೋಟಿನಿಕ್ ಬಗೆಯದು, ಅಂದರೆ ನಿಕೋಟಿನ್‌ಗೂ ಓಗೊಡುವಂಥದ್ದು. ಪ್ಯಾರಾಸಿಂಪಥೆಟಿಕ್ ನರದ ಕೊನೆಯಲ್ಲೂ ಅಸಿಟೈಲ್‌ಕೋಲಿನ್ನೇ, ಆದರೆ ಅಂಗದ ಮೇಲಿರುವ ಗ್ರಾಹಕ ಬೇರೆ ಬಗೆಯದು, ಮಸ್ಕರಿನಿಕ್. ಮಸ್ಕರಿನ್ ಎಂಬುದು ಅಣಬೆಯ ವಿಷ. 1869ರಲ್ಲಿ ಕೆಂಪು ಟೋಪಿಯ ಅಮನಿಟಾ ಅಣಬೆಯಿಂದ ಬೇರ್ಪಡಿಸಿದ್ದು. (ಮಳೆಗಾಲದಲ್ಲಿ ಕೊಡಗಿನಲ್ಲಿ ಕುಮ್ಮು, ಅಂದರೆ ಅಣಬೆ, ಆರಿಸುವವರು ನೆನಪಿಡಬೇಕಾದ ಮಾತು: ಮಸ್ಕರಿನ್ ಹೆಚ್ಚಾಗಿರುವುದು ಅಮನಿಟಾದಲ್ಲಿ ಅಲ್ಲ, ನೋಡಲು ಬಡಪಾಯಿಯಂತಿರುವ ಇನೊಸೈಬ್, ಕ್ಲಿಟೊಸೈಬ್ ಜಾತಿಯ ಸಣ್ಣ ಕಂದು-ಬಿಳಿ ಅಣಬೆಗಳಲ್ಲಿ. ತಿಂದ ಎರಡು ತಾಸಿನೊಳಗೆ ಜೊಲ್ಲು, ಬೆವರು, ಕಣ್ಣೀರು, ಹೊಟ್ಟೆನುಲಿತ ಒಟ್ಟಿಗೆ ಶುರುವಾದರೆ ಉಳಿದ ಅಣಬೆಯನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಬೇಕು.) ಸಿಂಪಥೆಟಿಕ್ ನರದ ಕೊನೆಯಲ್ಲಿ ಸಾಮಾನ್ಯವಾಗಿ ಸ್ರವಿಸುವುದು ನಾರ್‌ಅಡ್ರಿನಾಲಿನ್, ಅದನ್ನು ಹಿಡಿಯುವವು ಆಲ್ಫಾ, ಬೀಟಾ ಗ್ರಾಹಕಗಳು.

ಸಾಮಾನ್ಯವಾಗಿ ಎಂದದ್ದಕ್ಕೆ ಕಾರಣವಿದೆ. ಮೈಯೆಲ್ಲ ಹರಡಿರುವ ಬೆವರುಗ್ರಂಥಿಗಳಿಗೆ ಬರುವ ನರ ಸಿಂಪಥೆಟಿಕ್ ಸರದಿಂದಲೇ ಹೊರಟು ಬರುತ್ತದೆ, ಆದರೆ ತುದಿಯಲ್ಲಿ ಸ್ರವಿಸುವುದು ಅಸಿಟೈಲ್‌ಕೋಲಿನ್. ಬೆವರುಗ್ರಂಥಿಯ ಗ್ರಾಹಕ ಮಸ್ಕರಿನಿಕ್. ದಾರಿಯಲ್ಲಿ ಒಂದು ಪಂಗಡ, ರಾಸಾಯನಿಕದಲ್ಲಿ ಇನ್ನೊಂದು. ಎಲೆಯಡಿಕೆಯ ಒಗಟು ಬಿಡುವುದು ಇಲ್ಲಿ: ಅರೆಕೋಲಿನ್‌ಗೆ ನರದ ಮೂಲ ಗೊತ್ತಿಲ್ಲ, ಅದು ಕಾಣುವುದು ಗ್ರಾಹಕವನ್ನು ಮಾತ್ರ. ವಿದ್ಯಾರ್ಥಿಗಳು ಈ ಅಪವಾದವನ್ನು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಓದಿ ಮುಂದೆ ಹೋಗುತ್ತಾರೆ. ಇಡೀ ಅಧ್ಯಾಯದಲ್ಲಿ ಜೀವ ಉಳಿಸುವಷ್ಟು ಉಪಯೋಗಕ್ಕೆ ಬರುವ ಸಾಲು ಅದೇ ಇರಬಹುದು.

ಇನ್ನೊಂದು ಅಪವಾದ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಳತಿರುಳು. ಅಲ್ಲಿಗೆ ಮೊದಲ ನರಕೋಶವೇ ನೇರವಾಗಿ ಹೋಗುತ್ತದೆ. ಎರಡನೆಯದರ ಬದಲಿಗೆ ಗ್ರಂಥಿಯೇ ಇದೆ. ಅದು ಸುಮಾರು 80 ಭಾಗ ಅಡ್ರಿನಾಲಿನ್, 20 ಭಾಗ ನಾರ್‌ಅಡ್ರಿನಾಲಿನ್ ಅನ್ನು ರಕ್ತಕ್ಕೇ ಬಿಡುತ್ತದೆ. ಕೊಡಗಿನ ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟವರಿಗೆ ಆನೆ ಎದುರಾದರೆ ಆಗುವುದು ಇದೇ. ನರಗಳ ಸಂದೇಶ ಸೆಕೆಂಡಿನೊಳಗೆ ಮುಟ್ಟಿ ಎದೆ ಬಡಿಯತೊಡಗುತ್ತದೆ, ಚರ್ಮದ ಹಾಗೂ ಕರುಳಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಶ್ವಾಸನಾಳ ಹಿಗ್ಗುತ್ತದೆ, ಯಕೃತ್ತು ಸಕ್ಕರೆ ಬಿಡುತ್ತದೆ. ಹಿಂದೆಯೇ ರಕ್ತದಲ್ಲಿ ಬಂದ ಅಡ್ರಿನಾಲಿನ್ ಅದನ್ನು ಮುಂದುವರಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಎರಡು ಮೂರು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ, ಆನೆ ತಿರುಗಿ ಹೋದ ಮೇಲೂ ಕೈ ನಡುಗುವುದು ಕೂಡಲೇ ನಿಲ್ಲುವುದಿಲ್ಲ. ‘ಕಾದಾಡು ಇಲ್ಲವೇ ಓಡು’ ಎಂದು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ್ದು ಇದನ್ನೇ. ಆದರೆ ಆ ಮಾತು ಎಷ್ಟು ಜನಪ್ರಿಯವಾಯಿತೆಂದರೆ, ಆನೆ ಕಾಣದ ದಿನ ಸಿಂಪಥೆಟಿಕ್ ನರಗಳಿಗೆ ಕೆಲಸವೇ ಇಲ್ಲ ಎಂಬ ಭಾವನೆ ಬಂದುಬಿಟ್ಟಿದೆ. ನಿಜದಲ್ಲಿ ಅವು ಒಂದು ಕ್ಷಣವೂ ಬಿಡುವಿಲ್ಲದೆ ರಕ್ತನಾಳಗಳನ್ನು ಅರೆಬಿಗಿಯಲ್ಲಿ ಹಿಡಿದಿರುತ್ತವೆ. ನಾವು ನೆಟ್ಟಗೆ ನಿಂತಿರುವುದೇ ಅದರಿಂದ.

ಎರಡು ಪಂಗಡಗಳು ಸದಾ ಎದುರುಬದುರು ಎಂಬ ಲೆಕ್ಕವೂ ಅಂಗಾಂಗಕ್ಕೆ ಬದಲಾಗುತ್ತದೆ. ಹೃದಯದಲ್ಲಿ ಇಬ್ಬರೂ ಇದ್ದಾರೆ. ಎಲ್ಲ ನರಗಳನ್ನೂ ಕಡಿದರೆ ಹೃದಯ ತಾನೇ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರ ನಾಡಿ ವಿಶ್ರಾಂತಿಯಲ್ಲೂ 90ರಿಂದ 110ರ ಆಸುಪಾಸು ಇರುವುದು ಇದೇ ಕಾರಣಕ್ಕೆ. ನಮ್ಮ ನಿಮ್ಮ ನಾಡಿ 70ರಲ್ಲಿದ್ದರೆ ಅದು ವೇಗಸ್‌ನ ಹಿಡಿತ. ರಕ್ತನಾಳಗಳ ಮಟ್ಟಿಗೆ ಬಹುಪಾಲು ಸಿಂಪಥೆಟಿಕ್ ಮಾತ್ರ. ತೋಟದ ನೀರಿನ ವಾಲ್ವಿನಂತೆ ಅದೊಂದನ್ನೇ ಹೆಚ್ಚು ಕಡಿಮೆ ತಿರುಗಿಸಿ ಒತ್ತಡ ಹೊಂದಿಸಬೇಕು. ಬೆವರಿಗೂ ಎದುರಾಳಿ ಇಲ್ಲ. ಜೊಲ್ಲಿನ ವಿಷಯದಲ್ಲಂತೂ ಇಬ್ಬರೂ ಒಂದೇ ಕಡೆ: ಪ್ಯಾರಾಸಿಂಪಥೆಟಿಕ್ ನೀರಾಗಿ ಸುರಿಸುತ್ತದೆ, ಸಿಂಪಥೆಟಿಕ್ ಅಂಟಾಗಿ.

ಮೂತ್ರಕೋಶದಲ್ಲಿ ಹಂಚಿಕೆ ಇನ್ನೂ ಸೊಗಸಾಗಿದೆ. ತುಂಬಿಕೊಳ್ಳುವ ಹೊತ್ತಿಗೆ ಸಿಂಪಥೆಟಿಕ್ ನರ ಕೋಶದ ಗೋಡೆಯನ್ನು ಬೀಟಾ ಗ್ರಾಹಕದ ಮೂಲಕ ಸಡಿಲಿಸಿ, ಕೊರಳನ್ನು ಆಲ್ಫಾ ಗ್ರಾಹಕದ ಮೂಲಕ ಬಿಗಿಯುತ್ತದೆ. ಖಾಲಿ ಮಾಡುವಾಗ ತ್ರಿಕಾಸ್ಥಿಯ ಕಡೆಯಿಂದ ಬಂದ ಪ್ಯಾರಾಸಿಂಪಥೆಟಿಕ್ ನರ ಗೋಡೆಯನ್ನು ಹಿಂಡುತ್ತದೆ. ನಮ್ಮ ಇಚ್ಛೆಗೆ ಬಿಟ್ಟದ್ದು ಹೊರಗಿನ ಒಂದು ಸ್ನಾಯು ಮಾತ್ರ. ಜುಲೈ ತಿಂಗಳು, ಬಿಡದ ಮಳೆ, ಎಪ್ಪತ್ತು ದಾಟಿದ ಅಜ್ಜಯ್ಯನಿಗೆ ಶೀತ ಎಂದುಕೊಳ್ಳಿ. ಪ್ರಾಸ್ಟೇಟ್ ಗ್ರಂಥಿ ಮೊದಲೇ ದಪ್ಪಗಾಗಿದೆ. ಅಂಗಡಿಯಿಂದ ತಂದ ಶೀತದ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ, ಜೊತೆಗೆ ಫಿನೈಲೆಫ್ರಿನ್ ಅಥವಾ ಸೂಡೋಎಫೆಡ್ರಿನ್. ಮೊದಲನೆಯದು ಮಸ್ಕರಿನಿಕ್ ಗ್ರಾಹಕವನ್ನು ಮುಚ್ಚಿ ಮೂತ್ರಕೋಶದ ಹಿಂಡುವ ಶಕ್ತಿ ಕುಗ್ಗಿಸುತ್ತದೆ. ಎರಡನೆಯ ಬಗೆಯದು ಆಲ್ಫಾ ಗ್ರಾಹಕ ಒತ್ತಿ ಕೊರಳನ್ನು ಬಿಗಿಯುತ್ತದೆ; ಇದರಲ್ಲಿ ಸೂಡೋಎಫೆಡ್ರಿನ್‌ನ ಪಾಲು ಹೆಚ್ಚು. ಫಿನೈಲೆಫ್ರಿನ್ ಮಾತ್ರೆ ನುಂಗಿದರೆ ಮೂಗು ಬಿಡಿಸುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಕರ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿದೆ, ಆದರೂ ಅದು ಮಾತ್ರೆಗಳಿಂದ ಹೋಗಿಲ್ಲ. ರಾತ್ರಿ ಮಾತ್ರೆ ನುಂಗಿದ ಅಜ್ಜಯ್ಯ ಬೆಳಗಿನ ಜಾವ ಕೆಳಹೊಟ್ಟೆ ಉಬ್ಬಿಸಿಕೊಂಡು ಒಂದು ಹನಿಯೂ ಹೋಗದೆ ಒದ್ದಾಡುತ್ತಾರೆ. ನಳಿಕೆ ಹಾಕಿದರೆ ಲೀಟರ್ ಹತ್ತಿರ ಬರುವುದುಂಟು. ಪ್ರಾಸ್ಟೇಟ್ ತೊಂದರೆ ಇದ್ದವರು ಶೀತಕ್ಕೆ ಹಬೆ, ಉಪ್ಪುನೀರು, ಬೇಕಾದರೆ ಬರೀ ಪ್ಯಾರಾಸಿಟಮಾಲ್‌ನಲ್ಲಿ ಮುಗಿಸುವುದು ಕ್ಷೇಮ.

ಅದೇ ಅಜ್ಜಯ್ಯನಿಗೆ ಪ್ರಾಸ್ಟೇಟ್‌ಗೆಂದು ಕೊಡುವ ಟ್ಯಾಮ್ಸುಲೋಸಿನ್ ಆಲ್ಫಾ ಗ್ರಾಹಕವನ್ನು ಮುಚ್ಚುತ್ತದೆ. ಮೂತ್ರಕೋಶದ ಕೊರಳು ಸಡಿಲವಾಗುತ್ತದೆ, ಅದು ಒಳ್ಳೆಯದು. ರಕ್ತನಾಳಗಳೂ ಒಂದಿಷ್ಟು ಸಡಿಲವಾಗುತ್ತವೆ, ಅದು ಅಪಾಯ. ಮಲಗಿದವರು ಎದ್ದು ನಿಂತ ಕೂಡಲೇ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಕಾಲು, ಹೊಟ್ಟೆಗಳ ಸಿರೆಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಬೀಳತೊಡಗುತ್ತದೆ. ಕುತ್ತಿಗೆಯ ಕ್ಯಾರೊಟಿಡ್ ಧಮನಿ ಕವಲೊಡೆಯುವಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಇರುವ ಒತ್ತಡದ ಗ್ರಾಹಕಗಳು 9 ಮತ್ತು 10ನೇ ನರಗಳ ಮೂಲಕ ಮಿದುಳುಕಾಂಡಕ್ಕೆ ತಿಳಿಸುತ್ತವೆ. ವೇಗಸ್ ಕೂಡಲೇ ಹಿಡಿತ ಸಡಿಲಿಸಿ ನಾಡಿ ಏರುತ್ತದೆ. ರಕ್ತನಾಳ ಬಿಗಿಯಲು ಇನ್ನೂ ಕೆಲವು ಸೆಕೆಂಡು ಹಿಡಿಯುತ್ತದೆ. ಈ ಎರಡನೇ ಹೆಜ್ಜೆಯನ್ನೇ ಮಾತ್ರೆ ಕುಂಠಿತಗೊಳಿಸಿದರೆ, ರಾತ್ರಿ ಎರಡು ಗಂಟೆಗೆ ಹೊರಗಿನ ಬಚ್ಚಲಿಗೆ ಹೊರಟವರು ಹೊಸ್ತಿಲಲ್ಲಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುವುದು ಹೀಗೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಬೇಕು. ಗಂಡಸರು ರಾತ್ರಿ ಕೂತೇ ಮೂತ್ರ ಮಾಡುವುದು ಒಳ್ಳೆಯದು. ಮಂಚದ ಪಕ್ಕ ಒಂದು ಪಾತ್ರೆ ಇಟ್ಟುಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಅಳೆಯುವುದು ಸುಲಭ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ, ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬೀಳುವ ಬಿಪಿ. ನಾಡಿಯನ್ನೂ ಬರೆದುಕೊಳ್ಳಬೇಕು: ಬಿಪಿ ಬಿದ್ದರೂ ನಾಡಿ ಏರದಿದ್ದರೆ ನರವೇ ಕೆಟ್ಟಿರುವ ಸಾಧ್ಯತೆ ಹೆಚ್ಚು, ನಾಡಿ ಚೆನ್ನಾಗಿ ಏರಿದ್ದರೆ ಭೇದಿ, ರಕ್ತಸ್ರಾವ, ನೀರು ಸಾಲದಿರುವುದು ಮುಂತಾದವನ್ನು ಹುಡುಕಬೇಕು. ಕೂರಿಸಿ ಒಂದೇ ಬಾರಿ ಬಿಪಿ ನೋಡಿ ‘ಎಲ್ಲ ಸರಿಯಿದೆ’ ಎನ್ನುವ ರೂಢಿಯಿಂದ ಎಷ್ಟೋ ಬೀಳುವಿಕೆಗಳ ಕಾರಣ ಕೈತಪ್ಪುತ್ತದೆ. ಭರ್ಜರಿ ಊಟದ ನಂತರದ ಎರಡು ತಾಸೂ ವಯಸ್ಸಾದವರಿಗೆ ಇಂಥದ್ದೇ ಅಪಾಯದ ಹೊತ್ತು. ರಕ್ತ ಕರುಳಿಗೆ ಹರಿದಿರುತ್ತದೆ, ನರ ಅದನ್ನು ಸರಿದೂಗಿಸಲಾರದು. ಪಂದಿಕರಿ, ಕಡಂಬುಟ್ಟು, ಮೇಲೊಂದು ಪೆಗ್ಗು, ಆಮೇಲೆ ವಧೂವರರಿಗೆ ಹರಸಲು ಉದ್ದನೆಯ ಸಾಲಿನಲ್ಲಿ ನಿಲ್ಲುವುದು: ಬೀಳಲು ಇಷ್ಟು ಸಾಕು.

ಎಳೆಯರು ಬೀಳುವುದು ಬೇರೆ ರೀತಿ. ಮಳೆಗಾಲದಲ್ಲಿ ತೋಟಕ್ಕೋ ಟ್ರೆಕ್ಕಿಂಗ್‌ಗೋ ಹೋಗಿ ಬಂದು ಕಾಲುಚೀಲ ಬಿಚ್ಚಿದರೆ ಜಿಗಣೆ ಕಚ್ಚಿದ ರಕ್ತ. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಬಗೆಯ ವಸ್ತು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಕಲೆ ದೊಡ್ಡದಾಗಿ ಕಾಣುತ್ತದೆ, ಹೋದ ರಕ್ತ ಸ್ವಲ್ಪವೇ. ಆದರೂ ಅದನ್ನು ನೋಡಿ ಕೆಲವರು ಬಿಳಿಚಿಕೊಂಡು, ತಣ್ಣನೆ ಬೆವರಿ, ಧೊಪ್ಪನೆ ಬೀಳುತ್ತಾರೆ. ವೇಗಸ್ ಒಮ್ಮೆಗೇ ಬಿಗಿಯಾಗಿ ನಾಡಿ 40ಕ್ಕೂ ಇಳಿಯಬಹುದು. ಅದೇ ಗಳಿಗೆಯಲ್ಲಿ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಕೈಬಿಡುತ್ತವೆ. ಇದನ್ನು ವೇಸೊವೇಗಲ್ ಎನ್ನುತ್ತಾರೆ. ಬ್ರಿಟನ್‌ನ ವೈದ್ಯ ಥಾಮಸ್ ಲೂಯಿಸ್ 1932ರಲ್ಲೇ ಒಂದು ವಿಷಯ ಗಮನಿಸಿದ್ದರು: ಮಸ್ಕರಿನಿಕ್ ಗ್ರಾಹಕ ಮುಚ್ಚುವ ಅಟ್ರೊಪಿನ್ ಕೊಟ್ಟರೆ ನಾಡಿ ಏರುತ್ತದೆ, ಬಿಪಿ ಮಾತ್ರ ಬಿದ್ದೇ ಇರುತ್ತದೆ. ಬೀಳಿಸುವುದರಲ್ಲಿ ನಾಳಗಳ ಸಡಿಲಿಕೆಯದೇ ದೊಡ್ಡ ಪಾಲು ಎಂದಾಯಿತು. ವಿಚಿತ್ರವೆಂದರೆ ಉಳಿದ ಸಿಂಪಥೆಟಿಕ್ ಕೆಲಸಗಳೆಲ್ಲ ಹಿಂದೆ ಸರಿದ ಆ ಹೊತ್ತಿನಲ್ಲೂ ಬೆವರು ಸುರಿಯುತ್ತಿರುತ್ತದೆ.

ಬಿದ್ದವರನ್ನು ಎತ್ತಿ ಕೂರಿಸಬಾರದು. ಇದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು: ಇಬ್ಬರು ಬಗಲಿಗೆ ಕೈಕೊಟ್ಟು ಎತ್ತಿ ಹಿಡಿಯುತ್ತಾರೆ, ಮೂರನೆಯವರು ಬಾಯಿಗೆ ನೀರು ಹೊಯ್ಯುತ್ತಾರೆ. ನೆಟ್ಟಗೆ ಹಿಡಿದರೆ ಮಿದುಳಿಗೆ ರಕ್ತ ಏರುವುದಿಲ್ಲ, ಕೈಕಾಲು ಸೆಟೆದು ಜರ್ಕು ಹೊಡೆಯುತ್ತದೆ, ಆಮೇಲೆ ಅದನ್ನು ಮೂರ್ಛೆರೋಗ ಎಂದು ಬರೆದುಬಿಡುತ್ತಾರೆ. ಚಪ್ಪಟೆ ಮಲಗಿಸಿ ಕಾಲು ಒಂದಡಿ ಎತ್ತಿ ಹಿಡಿದರೆ ಸಾಕು. ರಕ್ತ ಕಂಡರೆ ಬೀಳುವ ಸ್ವಭಾವದವರು ಕಲಿಯಬೇಕಾದ ಉಪಾಯ ಒಂದಿದೆ: ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬಿಸಿಯಾಗುವವರೆಗೆ ಬಿಗಿಹಿಡಿದು, 20ರಿಂದ 30 ಸೆಕೆಂಡು ಬಿಟ್ಟು, ಹೀಗೆ ಐದು ಬಾರಿ. ‘ಮೈ ಸಡಿಲ ಬಿಡಿ, ದೀರ್ಘವಾಗಿ ಉಸಿರಾಡಿ’ ಎಂಬ ಎಲ್ಲರ ಸಲಹೆ ಇಲ್ಲಿ ತಿರುಗುಬಾಣ.

ಈಗ ಔಷಧಿ ಹೊಡೆಯುವ ವಿಷಯ. ಕಾಫಿ, ಮೆಣಸು, ಶುಂಠಿ, ಬಾಳೆ ಬೆಳೆಯುವ ಕಡೆ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕದ ಡಬ್ಬಿಗಳು ಶೆಡ್ಡಿನ ಮೂಲೆಯಲ್ಲಿ ಇದ್ದೇ ಇರುತ್ತವೆ. ಅಸಿಟೈಲ್‌ಕೋಲಿನ್ ಸ್ರವಿಸಿದ ಮಿಲಿಸೆಕೆಂಡುಗಳಲ್ಲೇ ಅದನ್ನು ಒಡೆದುಹಾಕಲು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಈ ವಿಷ ಆ ಕಿಣ್ವವನ್ನು ಹಿಡಿದು ಕಟ್ಟಿಹಾಕುತ್ತದೆ. ಸ್ರವಿಸಿದ ಅಸಿಟೈಲ್‌ಕೋಲಿನ್ ಎಲ್ಲೆಲ್ಲಿ ಇದೆಯೋ ಅಲ್ಲಲ್ಲೇ ಉಳಿಯುತ್ತದೆ. ಮೇಲಿನ ನಕ್ಷೆ ಮನಸ್ಸಿನಲ್ಲಿದ್ದರೆ ಮುಂದಿನದನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ. ಮಸ್ಕರಿನಿಕ್ ಜಾಗಗಳಲ್ಲಿ: ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕಣ್ಣೀರು, ಜೊಲ್ಲು, ವಾಂತಿ, ಭೇದಿ, ಬಟ್ಟೆಯಲ್ಲೇ ಮೂತ್ರ, ನಾಡಿ ನಿಧಾನ, ಮತ್ತು ಕೊಲ್ಲುವಂಥದ್ದು ಎಂದರೆ ಶ್ವಾಸನಾಳದಲ್ಲಿ ತುಂಬುವ ನೊರೆನೀರು. ಬೆವರೂ ಧಾರಾಳ, ಏಕೆಂದರೆ ಅದರ ನರದ ತುದಿಯಲ್ಲಿರುವುದೂ ಅದೇ ರಾಸಾಯನಿಕ. ನಿಕೋಟಿನಿಕ್ ಜಾಗಗಳಲ್ಲಿ: ಸ್ನಾಯುಗಳು ಚರ್ಮದಡಿ ಹುಳು ಹರಿದಂತೆ ಅದುರಿ ಆಮೇಲೆ ಸೋಲುತ್ತವೆ. ಸಿಂಪಥೆಟಿಕ್ ಗಂಟುಗಳೂ ನಿಕೋಟಿನಿಕ್ ಆದ್ದರಿಂದ ಕೆಲವರಲ್ಲಿ ನಾಡಿ ಏರುತ್ತದೆ, ಪಾಪೆ ಹಿಗ್ಗಿರುತ್ತದೆ. ‘ನಾಡಿ ಜೋರಾಗಿದೆ, ಇದು ಆ ವಿಷ ಇರಲಿಕ್ಕಿಲ್ಲ’ ಎಂದುಕೊಂಡರೆ ಮೋಸಹೋದಂತೆ.

ಕುಡಿದರೆ ಮಾತ್ರ ಎಂದಲ್ಲ. ಬೆನ್ನಿನ ಪಂಪ್ ಸೋರಿ ಅಂಗಿ ಒದ್ದೆಯಾಗಿದ್ದರೆ, ಗಾಳಿಗೆ ಎದುರಾಗಿ ಹೊಡೆದರೆ, ಮುಚ್ಚಿಕೊಂಡ ನಾಜಲನ್ನು ಬಾಯಿಂದ ಊದಿದರೆ ಚರ್ಮ, ಉಸಿರು, ಬಾಯಿ ಎಲ್ಲದರಿಂದಲೂ ಒಳಹೋಗುತ್ತದೆ. ಕ್ಲೋರ್‌ಪೈರಿಫಾಸ್ ಕೊಬ್ಬಿನಲ್ಲಿ ಕರಗಿ ಕೂರುವಂಥದ್ದು. ಯಕೃತ್ತಿನಲ್ಲಿ ಬದಲಾದ ಮೇಲೆಯೇ ಅದರ ವಿಷ ಪೂರ್ತಿ ತಲೆಯೆತ್ತುವುದು. ಮಧ್ಯಾಹ್ನ ಚೆನ್ನಾಗಿದ್ದವರು ಸಂಜೆ ಲೈನ್‌ಮನೆಯಲ್ಲಿ ಕುಸಿಯಬಹುದು. ತಲೆನೋವು, ಕಣ್ಣು ಮಂಜು, ಎದೆ ಬಿಗಿತ, ಬಾಯಲ್ಲಿ ನೀರು, ಕಾರಣವಿಲ್ಲದ ಬೆವರು ಕಂಡ ಕೂಡಲೇ ಕೆಲಸ ನಿಲ್ಲಿಸಿ ಬಟ್ಟೆಯನ್ನೆಲ್ಲ ತೆಗೆಸಬೇಕು. ಕೂದಲು, ಉಗುರು ಸಂದಿ ಸೇರಿಸಿ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಬೇಕು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಚರ್ಮದ ಬೆಲ್ಟು, ಚಪ್ಪಲಿ ವಿಷ ಹೀರಿಕೊಂಡರೆ ತೊಳೆದರೂ ಹೋಗದು, ಎಸೆಯಬೇಕು. ವಾಂತಿ ಮಾಡಿಸಬಾರದು: ದ್ರಾವಣದಲ್ಲಿರುವ ಪೆಟ್ರೋಲಿಯಂ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಾಯಿಲೆ. ಎಡಮಗ್ಗುಲಲ್ಲಿ ಮಲಗಿಸಿ, ಡಬ್ಬಿಯ ಲೇಬಲ್ ಸಮೇತ ಗಾಡಿ ಹತ್ತಿಸಬೇಕು.

ಆಸ್ಪತ್ರೆಯಲ್ಲಿ ಕೊಡುವುದು ಅಟ್ರೊಪಿನ್, ಮಸ್ಕರಿನಿಕ್ ಗ್ರಾಹಕದ ಬಾಗಿಲು ಮುಚ್ಚುವ ಮದ್ದು. ದೊಡ್ಡವರಿಗೆ ಮೊದಲು 1ರಿಂದ 3 ಮಿಲಿಗ್ರಾಂ ಸಿರೆಗೆ, ಸಾಲದಿದ್ದರೆ ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು. ಇಲ್ಲಿ ಸಿಗುವ ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುವುದರಿಂದ ಮೊದಲ ಸುತ್ತಿಗೇ ಐದು ಒಡೆಯಬೇಕಾಗಬಹುದು, ಮುಂದೆ ಹತ್ತು, ಇಪ್ಪತ್ತು. ಸಣ್ಣ ಆಸ್ಪತ್ರೆಗಳಲ್ಲಿ ಆಗುವ ಎಡವಟ್ಟು ಎಂದರೆ ಪಾಪೆ ಹಿಗ್ಗುವುದನ್ನೇ ಕಾಯುತ್ತ ಕೂರುವುದು. ನೋಡಬೇಕಾದದ್ದು ಎದೆ: ಸ್ಟೆತಸ್ಕೋಪಿನಲ್ಲಿ ಗೊರಗೊರ ನಿಲ್ಲಬೇಕು, ನಾಡಿ 80 ದಾಟಬೇಕು, ಬಿಪಿಯ ಮೇಲಿನ ಅಂಕಿ 80 ದಾಟಬೇಕು, ಕಂಕುಳು ಒಣಗಬೇಕು. ಕಂಕುಳಿಗೆ ಕೈಹಾಕಿ ನೋಡುವುದಕ್ಕೆ ಯಾವ ಯಂತ್ರವೂ ಬೇಡ. ಬೆವರುಗ್ರಂಥಿಯ ಬಾಗಿಲು ಮುಚ್ಚಿದ್ದರೆ ಅದೇ ಬಗೆಯ ಉಳಿದ ಬಾಗಿಲುಗಳೂ ಮುಚ್ಚುತ್ತಿವೆ ಎಂದು ತಿಳಿಯುತ್ತದೆ. ಅಟ್ರೊಪಿನ್ ಹೆಚ್ಚಾಯಿತು ಎನ್ನಲು ಗುರುತು ಜ್ವರ, ಕಳವಳ, ಸದ್ದಿಲ್ಲದ ಹೊಟ್ಟೆ.

ನಿಕೋಟಿನಿಕ್ ಜಾಗಗಳಿಗೆ ಅಟ್ರೊಪಿನ್ ಮುಟ್ಟುವುದಿಲ್ಲ. ಎದೆ ಒಣಗಿ, ಮಾತಾಡಿ, ಗಂಜಿ ಕುಡಿದವರಿಗೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದೆ ಉಸಿರಾಟದ ಸ್ನಾಯುಗಳು ಸೋಲಬಹುದು. ತಲೆದಿಂಬಿನಿಂದ ತಲೆ ಎತ್ತಿಸಿ ನೋಡುವುದನ್ನು ದಿನಕ್ಕೆ ಹಲವು ಬಾರಿ ಮಾಡಬೇಕು. ಎತ್ತಲಾಗದಿದ್ದರೆ ವೆಂಟಿಲೇಟರ್ ಇರುವ ಕಡೆ ಇರಬೇಕು. ‘ಸರಿಹೋದರು’ ಎಂದು ಮಾರನೆಯ ದಿನವೇ ಮನೆಗೆ ಕರೆದೊಯ್ಯುವ ಆತುರ ಪ್ರಾಣಕ್ಕೆ ಬರುತ್ತದೆ. ಕಿಣ್ವವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಇದೆ, ಆದರೆ ಅದರ ಪ್ರಯೋಜನದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ತಡವಾದಷ್ಟೂ ವಿಷ-ಕಿಣ್ವದ ಕಟ್ಟು ಬಿಡಿಸಲಾಗದಂತಾಗುತ್ತದೆ. ಮೊನೊಕ್ರೊಟೊಫಾಸ್‌ನಂಥ ಡೈಮಿಥೈಲ್ ಬಗೆಯಲ್ಲಿ ಅದು ಕೆಲವೇ ತಾಸಿನ ಮಾತು, ಕ್ಲೋರ್‌ಪೈರಿಫಾಸ್‌ನಂಥ ಡೈಇಥೈಲ್ ಬಗೆಯಲ್ಲಿ ಒಂದು ದಿನಕ್ಕಿಂತ ಹೆಚ್ಚು.

ಇದರ ತದ್ವಿರುದ್ಧ ಚಿತ್ರ ಬೇಲಿಯಂಚಿನ ಮದಗುಣಿಕೆಯದು, ಹೂದೋಟಗಳಲ್ಲಿ ಗಂಟೆಯಂತೆ ಜೋತುಬೀಳುವ ದೊಡ್ಡ ಹೂವಿನ ಬ್ರುಗ್‌ಮ್ಯಾನ್ಸಿಯಾದ್ದು. ಅವುಗಳಲ್ಲಿರುವುದು ಅಟ್ರೊಪಿನ್ ವಂಶದ ವಿಷಗಳೇ. ಬೀಜ ತಿಂದ ಮಗುವಿನ ಪಾಪೆ ಹಿಗ್ಗಿ, ಬಾಯಿ ಒಣಗಿ, ಮೈ ಕೆಂಡದಂತೆ ಬಿಸಿ, ನಾಡಿ ಓಟ, ಮೂತ್ರ ಬಂದ್, ಬಡಬಡಿಕೆ. ಜ್ವರದ ಮೈ ಸಾಮಾನ್ಯವಾಗಿ ಬೆವರುತ್ತದೆ. ಇಲ್ಲಿ ಕಂಕುಳು ಪೂರ್ತಿ ಒಣ. ಗಿಡ ಕತ್ತರಿಸಿ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಒಂದೇ ಪಾಪೆ ಹಿಗ್ಗಿ ಮನೆಮಂದಿಗೆಲ್ಲ ಗಾಬರಿಯಾಗುವುದೂ ಉಂಟು. ಔಷಧಿ ಹೊಡೆದು ಬಿದ್ದವರಿಗೆ ಮದಗುಣಿಕೆ ಕುಡಿಸುವ ಯೋಚನೆ ಮಾತ್ರ ಯಾರೂ ಮಾಡಬಾರದು, ಒಂದು ಬೀಜದಿಂದ ಇನ್ನೊಂದಕ್ಕೆ ವಿಷದ ಪ್ರಮಾಣ ಬದಲಾಗುತ್ತದೆ.

ಕರುಳಿನ ನರಜಾಲವನ್ನು ಮೂರನೇ ಪಂಗಡ ಎನ್ನುತ್ತಾರೆ. ಗೋಡೆಯ ಎರಡು ಪದರಗಳಲ್ಲಿ ಹತ್ತಾರು ಕೋಟಿ ನರಕೋಶಗಳಿವೆ, ಹೊರಗಿನ ನರ ಕಡಿದರೂ ಆಹಾರವನ್ನು ಮುಂದಕ್ಕೆ ತಳ್ಳುತ್ತವೆ. ಸುಮಾರು 5,000 ಹೆರಿಗೆಗಳಲ್ಲಿ ಒಂದರಲ್ಲಿ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಈ ಕೋಶಗಳು ಇರುವುದೇ ಇಲ್ಲ. ಹುಟ್ಟಿದ 48 ತಾಸಾದರೂ ಮಗು ಮೊದಲ ಕಪ್ಪು ಮಲ ಮಾಡದಿದ್ದರೆ ಅದನ್ನು ಶಂಕಿಸಬೇಕು.

ಕೊನೆಗೆ ಸಕ್ಕರೆ ಕಾಯಿಲೆ, ಏಕೆಂದರೆ ಸ್ವಾಯತ್ತ ನರಗಳನ್ನು ನಿಧಾನವಾಗಿ ಸವೆಸುವುದರಲ್ಲಿ ಅದರಷ್ಟು ವ್ಯಾಪಕವಾದದ್ದು ಬೇರೆ ಇಲ್ಲ. ಉದ್ದದ ನರಗಳು ಮೊದಲು ಹೋಗುತ್ತವೆ, ವೇಗಸ್ ಉದ್ದವಾದದ್ದು. ಇಸಿಜಿ ಹಚ್ಚಿ ನಿಮಿಷಕ್ಕೆ ಆರರಂತೆ, ಐದು ಸೆಕೆಂಡು ಎಳೆದು ಐದು ಸೆಕೆಂಡು ಬಿಡುವ ಉಸಿರು ಆಡಿಸಬೇಕು. ಉಸಿರೆಳೆದಾಗ ನಾಡಿ ಏರಿ ಬಿಟ್ಟಾಗ ಇಳಿಯುವುದು ವೇಗಸ್‌ನ ಆಟ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರ 15 ಅಥವಾ ಮೇಲಿದ್ದರೆ ಸರಿ, 10ಕ್ಕಿಂತ ಮೇಲೆ ಹೋಗದಿದ್ದರೆ ನರ ಸೋತಿದೆ. ವಯಸ್ಸಾದಂತೆ ಈ ಅಂತರ ತಾನಾಗಿಯೇ ಕಿರಿದಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನರ ಸೋತವರಲ್ಲಿ ವಿಶ್ರಾಂತಿಯಲ್ಲೂ ನಾಡಿ 100ರ ಹತ್ತಿರ ನಿಂತುಬಿಡುತ್ತದೆ, ಉಂಡದ್ದು ಹೊಟ್ಟೆಯಲ್ಲೇ ತಾಸುಗಟ್ಟಲೆ ಕೂರುತ್ತದೆ, ಹೃದಯಾಘಾತವೂ ಎದೆನೋವಿಲ್ಲದೆ ಬರಬಹುದು.

ಇಂಥವರು ಇನ್ಸುಲಿನ್ ಜೊತೆ ಬಿಪಿಗೋ ಕೈನಡುಕಕ್ಕೋ ಪ್ರೊಪ್ರನೊಲಾಲ್‌ನಂಥ ಬೀಟಾ ತಡೆಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಮೈ ಕೊಡುವ ಮುನ್ಸೂಚನೆಗಳಲ್ಲಿ ಎದೆಬಡಿತ, ನಡುಕ ಎರಡೂ ಬೀಟಾ ಗ್ರಾಹಕದ ಮೂಲಕ ಬರುವಂಥವು. ಮಾತ್ರೆ ಅವನ್ನು ಅಡಗಿಸುತ್ತದೆ. ಬೆವರಿನ ಬಾಗಿಲು ಮಸ್ಕರಿನಿಕ್ ಆದ್ದರಿಂದ ಅದನ್ನು ಮಾತ್ರೆ ಮುಟ್ಟುವುದಿಲ್ಲ. ಮಡಿಕೇರಿಯ ಮಳೆಚಳಿಯಲ್ಲಿ ಸ್ವೆಟರ್ ಹಾಕಿ ಕೂತವರ ಹಣೆ, ಕುತ್ತಿಗೆ ಒದ್ದೆಯಾಗಿದ್ದರೆ ಕಾರಣ ಹುಡುಕುವ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ, ಇಲ್ಲವೇ ಒಂದು ದೊಡ್ಡ ಚಮಚ ಜೇನು ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲು ಮಲಗಿಸಿ 108ಕ್ಕೆ ಕರೆ ಮಾಡಬೇಕು.